ಮಕ್ಕಳ ಕೋರ್ಟಿನ ಬಲಗಡೆಯ ಕುರ್ಚಿ

ಮೊದಲು ಮೈಮೇಲಿನ ರೋಮ ನಿಲ್ಲುವುದು, ಆಮೇಲೆ ನಗು ಬರುವುದು. ನನ್ನ ಕೋರ್ಟಿನ ಬದುಕಿನಲ್ಲಿ ಯಾವ ಸಂಗತಿಯೂ ಈ ಕ್ರಮ ತಪ್ಪಿದ್ದಿಲ್ಲ. ಒಂದು ಆಯಿತು, ಇನ್ನು ಸಾಕು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಾಚೆ ಬಂದು ನಿಂತಿರುತ್ತಿತ್ತು.

ಕೋರ್ಟಿನ ಬದುಕು ಎಂದದ್ದಕ್ಕೆ ನಾನೊಬ್ಬಳು ವಕೀಲೆ ಎಂದುಕೊಳ್ಳಬೇಡಿ. ನಾನು ಕಿಂಡರ್‌ಗಾರ್ಟನ್ ಟೀಚರು. ಉಡುಪಿಯ ಕಡೆಯವಳು, ಮದುವೆಯಾಗಿ ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರಿಗೆ ಬಂದು ಇಪ್ಪತ್ತೈದು ವರ್ಷ ಕಳೆದಿತ್ತು. ಗಂಡನಿಗೆ ಫೊಯರ್‌ಬಾಕ್‌ನಲ್ಲಿ ಇಂಜಿನಿಯರ್ ಕೆಲಸ. ಇಬ್ಬರೂ ಇಲ್ಲಿಯ ಪೌರತ್ವ ತೆಗೆದುಕೊಂಡಿದ್ದೆವು. ಜರ್ಮನಿಯಲ್ಲಿ ಹದಿಹರೆಯದವರ ಕೋರ್ಟು ಅಂತ ಬೇರೆಯೇ ಉಂಟು. ನಡುವೆ ಕಪ್ಪು ನಿಲುವಂಗಿಯ ನ್ಯಾಯಾಧೀಶರು, ಅವರ ಎಡಬಲಕ್ಕೆ ಊರಿನ ಇಬ್ಬರು ಸಾಮಾನ್ಯರು, ಒಬ್ಬ ಗಂಡಸು, ಒಬ್ಬ ಹೆಂಗಸು. ಮೂವರಿಗೂ ಒಂದೊಂದು ಮತ, ಎಲ್ಲದರ ತೂಕವೂ ಒಂದೇ. ಈ ಸಾಮಾನ್ಯರನ್ನು ನಾಲ್ಕು ವರ್ಷಕ್ಕೊಮ್ಮೆ ಒಂದು ಸಮಿತಿ ಮತ ಹಾಕಿ ಆರಿಸುತ್ತದೆ. ಗಂಡಸಾದರೆ ಶೊಫೆ, ಹೆಂಗಸಾದರೆ ಶೊಫಿನ್. ನಾನು ಶೊಫಿನ್ ಆದೆ ಎಂದು ಊರಿಗೆ ಫೋನು ಮಾಡಿ ಹೇಳಿದಾಗ ನನ್ನ ಅಕ್ಕ, "ಸೋಫಾದಲ್ಲಿ ಕೂತ್ಕೊಳ್ಳುವ ಕೆಲಸವಾ? ನಿನಗೆ ಸರಿ ಉಂಟು" ಎಂದಳು.

ಅದು ಬೆಂಗಳೂರಿನಿಂದ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಗ್ರೀನ್ ಕಾರ್ಡ್ ಎಂಬ ಇಲ್ಲಿಯ ಕೆಲಸದ ಪರವಾನಗಿ ಹಿಡಿದುಕೊಂಡು ಬರತೊಡಗಿದ ಕಾಲ. ಭಾನುವಾರ ನಮ್ಮಲ್ಲಿ ಸಾರು ಅನ್ನ ಉಂಡು, "ಆಂಟಿ, ನೀವೇನ್ ಕೆಲಸ ಮಾಡ್ತೀರಾ?" ಎಂದು ಕೇಳುತ್ತಿದ್ದರು. "ತಿಂಗಳಿಗೊಂದು ದಿನ ಜಡ್ಜು, ಉಳಿದ ದಿನ ಮಕ್ಕಳ ಮೂಗು ಒರೆಸುವುದು" ಎನ್ನುತ್ತಿದ್ದೆ. ತಮಾಷೆ ಎಂದುಕೊಂಡು ನಗುತ್ತಿದ್ದರು.

ಹಳದಿ ಲಕೋಟೆ

ಇಲ್ಲಿ ಸರಕಾರದ ಗಟ್ಟಿ ಕಾಗದಗಳು ಹಳದಿ ಲಕೋಟೆಯಲ್ಲಿ ಬರುತ್ತವೆ. ಒಂದು ಸಂಜೆ ಮನೆಗೆ ಬಂದಾಗ ಅಂಚೆ ಡಬ್ಬಿಯಲ್ಲಿ ಅಂಥದ್ದೊಂದು ಬಿದ್ದಿತ್ತು. ನನ್ನ ಗಂಡ ಅದನ್ನು ದೂರದಿಂದಲೇ ನೋಡಿ, "ನಾನು ಅವತ್ತು ನಿಧಾನವೇ ಓಡಿಸಿದ್ದು" ಎಂದರು. ನಾನು ಏನೂ ಕೇಳಿರಲಿಲ್ಲ.

ಒಡೆದು ನೋಡಿದರೆ ನನ್ನ ಹೆಸರಿಗೆ. "ನಿಮ್ಮನ್ನು ಯುವ ನ್ಯಾಯಾಲಯಕ್ಕೆ ಶೊಫಿನ್ ಆಗಿ ಆಯ್ಕೆ ಮಾಡಲಾಗಿದೆ" ಎಂದು ಬರೆದಿತ್ತು. ನಾನು ಯಾವ ಚುನಾವಣೆಗೂ ನಿಂತಿರಲಿಲ್ಲ. ಯಾರ ಹತ್ತಿರವೂ ಮತ ಕೇಳಿರಲಿಲ್ಲ. ಯಾರೋ ನಾನಿಲ್ಲದ ಕೋಣೆಯಲ್ಲಿ ಕೂತು ನನ್ನ ಹೆಸರು ಕೂಗಿ ಕೈ ಎತ್ತಿದ್ದಾರೆ. ಒಂದು ವಾರ ನನಗೆ ಬೀದಿಯಲ್ಲಿ ನಡೆಯುವುದೇ ಕಷ್ಟವಾಯಿತು. ಔಷಧಿ ಅಂಗಡಿಯವರು ನಕ್ಕರೆ, ಇವರಾ? ಬಸ್ಸಿನಲ್ಲಿ ಒಬ್ಬರು ಜಾಗ ಬಿಟ್ಟುಕೊಟ್ಟರೆ, ಇವರೇ ಇರಬೇಕು. ಊರಿಗೆ ಊರೇ ಪರದೆಯ ಹಿಂದೆ ನಿಂತು ನನ್ನನ್ನು ನೋಡುತ್ತಿದೆ ಎನ್ನಿಸಿತು.

ರಾಟ್‌ಹೌಸಿಗೆ, ಅಂದರೆ ಊರಿನ ಪುರಸಭೆಗೆ ಫೋನು ಮಾಡಿದೆ. ನಮ್ಮ ಕಿಂಡರ್‌ಗಾರ್ಟನ್ನಿನ ಮುಖ್ಯಸ್ಥೆ ನನಗೆ ಹೇಳದೆಯೇ ನನ್ನ ಹೆಸರು ಕೊಟ್ಟಿದ್ದರು.

"ಬೇಡ ಎನ್ನಬಹುದಾ?" ಎಂದೆ.

"ನೀವು ಡಾಕ್ಟರಾ?"

"ಅಲ್ಲ."

"ಸೂಲಗಿತ್ತಿಯಾ? ಪಾರ್ಲಿಮೆಂಟ್ ಸದಸ್ಯರಾ? ಅರವತ್ತೈದು ದಾಟಿದೆಯಾ?"

"ಯಾವುದೂ ಇಲ್ಲ."

"ಹಾಗಾದರೆ ಅಭಿನಂದನೆಗಳು" ಎಂದರು ಆಕೆ. "ನಿಮ್ಮ ಹೆಸರಿದ್ದ ಪಟ್ಟಿಯನ್ನು ಒಂದು ವಾರ ಇಲ್ಲಿ ಸಾರ್ವಜನಿಕರಿಗೆ ನೋಡಲು ಇಟ್ಟಿದ್ದೆವು. ನಿಮ್ಮ ಬಗ್ಗೆ ಒಬ್ಬರಿಂದಲೂ ಆಕ್ಷೇಪಣೆ ಬಂದಿಲ್ಲ."

ಫೋನು ಇಟ್ಟು ಗಂಡನಿಗೆ ಹೇಳಿದೆ. ಅವರು, "ಒಂದು ವಾರ ಇಟ್ಟಿದ್ದರಾ?" ಎಂದರು. "ನನಗೊಬ್ಬರು ಹೇಳಬಾರದಿತ್ತಾ ಮಾರಾಯ್ತಿ!"

ಕತ್ತಲೆಯ ಸಮಾಲೋಚನೆ

ಕೋರ್ಟು ನಮ್ಮ ಮನೆಯಿಂದ ರೈಲಿನಲ್ಲಿ ಎರಡು ಸ್ಟೇಷನ್ ಆಚೆ. ದಪ್ಪ ಕಲ್ಲಿನ ಕಟ್ಟಡ. ಕಾರಿಡಾರಿನಲ್ಲಿ ನಡೆದರೆ ನಮ್ಮ ಹೆಜ್ಜೆಯ ಹಿಂದೆ ಇನ್ನೊಬ್ಬರ ಹೆಜ್ಜೆ ಬಂದಂತೆ ಕೇಳಿಸುತ್ತಿತ್ತು. ಆ ವರ್ಷ ಮೇಲಿನ ಮಹಡಿಯಲ್ಲಿ ರಿಪೇರಿ. ಹಾಗಾಗಿ ತೀರ್ಪಿಗೆ ಮುಂಚೆ ನಾವು ಮೂವರು ಗುಟ್ಟಾಗಿ ಮಾತಾಡುವ ಕೋಣೆಯನ್ನು ನೆಲಮಾಳಿಗೆಗೆ ಹಾಕಿದ್ದರು. ಕಿಟಕಿ ಇಲ್ಲ.

ನನ್ನ ಮೊದಲ ಕೇಸು. ನ್ಯಾಯಾಧೀಶರು ಅರವತ್ತರ ಹತ್ತಿರದವರು. ಉದ್ದ, ಸಪೂರ, ಪಿಸುಮಾತಿನಂಥ ಸ್ವರ. ಆ ಮುಖದಲ್ಲಿ ನಗು ಎಲ್ಲಿಂದ ಹುಟ್ಟಬಹುದು ಎಂದು ಹುಡುಕಿದರೂ ಜಾಗ ಕಾಣುತ್ತಿರಲಿಲ್ಲ. ಎಡಗಡೆಯ ಕುರ್ಚಿಯವರು ನಿವೃತ್ತ ಬೇಕರಿ ಯಜಮಾನರು. ಜೀವಮಾನವಿಡೀ ನಸುಕಿಗೆ ಮುಂಚೆ ಎದ್ದು ರೊಟ್ಟಿ ಸುಟ್ಟವರು. ಈಗ ಎಲ್ಲಿ ಕೂತರೂ ಬಾಕಿ ನಿದ್ದೆ ಬರುತ್ತಿತ್ತು.

ನ್ಯಾಯಾಧೀಶರು ಹೇಳಿದರು: "ಯೋಚಿಸಿ. ಒಬ್ಬ ಹುಡುಗನ ಎರಡು ವರ್ಷ ನಿಮ್ಮ ಕೈಯಲ್ಲಿದೆ."

ನಾವು ಯೋಚಿಸಿದೆವು. ಯಾರೂ ಅಲುಗಾಡಲಿಲ್ಲ. ಫಕ್ಕನೆ ಕೋಣೆಯೆಲ್ಲ ಕಪ್ಪಾಯಿತು. ನನ್ನ ಕೈ ನನಗೇ ಕಾಣದಷ್ಟು ಕತ್ತಲೆ. ಆ ಕತ್ತಲೆಯೊಳಗಿಂದ ಅದೇ ತಣ್ಣನೆಯ ಸ್ವರ ಕೇಳಿಸಿತು: "ಹುಡುಗ ತಪ್ಪಿತಸ್ಥ ಎನ್ನುವವರು ಯಾರು?"

ಎಡಗಡೆಯಿಂದ ಗೊರಕೆಯ ಸದ್ದು. ಆಮೇಲೆ ತಿಳಿಯಿತು, ಅಲ್ಲಿಯ ದೀಪ ಯಾರಾದರೂ ಕದಲಿದರೆ ಮಾತ್ರ ಉರಿಯುವಂಥದ್ದು. ಎಲ್ಲರೂ ಕಲ್ಲಾಗಿ ಕೂತರೆ ತಾನೇ ಆರುತ್ತದೆ. ಕೈ ಎತ್ತಿದರೆ ಬೆಳಕು. ಮತ್ತೆ ಕತ್ತಲೆ. ಇನ್ನೊಂದು ಕೈ, ಮತ್ತೆ ಬೆಳಕು. ಎಡಗಡೆಯವರು ಬೆಚ್ಚಿ ಎದ್ದಾಗ ಇನ್ನೊಮ್ಮೆ.

ನಮ್ಮ ಸಮಾಲೋಚನೆಯಲ್ಲಿ ಯಾರು ಯಾವ ಕಡೆ ಎಂಬುದು ಸಾಯುವ ತನಕ ಗುಟ್ಟಾಗಿ ಉಳಿಯಬೇಕು, ಅದಕ್ಕೆ ಪ್ರಮಾಣ ಮಾಡಿಸಿರುತ್ತಾರೆ. ನಾವು ಹೊರಗೆ ಬಂದರೆ ಹುಡುಗನ ವಕೀಲ ಬಾಗಿಲ ಕೆಳಗಿನ ಸಂದನ್ನೇ ನೋಡುತ್ತಾ ನಿಂತಿದ್ದ. "ಮೂರು ಸಲ ಬೆಳಕು ಬಂತು" ಎಂದ. "ಮೂವರೂ ಒಪ್ಪಿದಿರಿ, ಅಲ್ಲವಾ?"

ಮುಂದಿನ ಕೇಸಿನಿಂದ ನ್ಯಾಯಾಧೀಶರು ಬೇಕರಿಯವರನ್ನು ಮೇಜಿನ ಸುತ್ತ ನಡೆಯುತ್ತಲೇ ಇರಬೇಕೆಂದು ಕೇಳಿಕೊಂಡರು. ಹೀಗೆ ಜರ್ಮನಿಯ ಒಂದು ಕೋರ್ಟಿನಲ್ಲಿ ತೀರ್ಪಿಗೆ ಮುಂಚೆ ಪ್ರದಕ್ಷಿಣೆ ಕಡ್ಡಾಯವಾಯಿತು.

ಬೊಟ್ಟು

ಇದರಲ್ಲಿ ತಪ್ಪು ನನ್ನದೇ. ಕಿಂಡರ್‌ಗಾರ್ಟನ್ನಿನಲ್ಲಿ ಮಕ್ಕಳು ನನ್ನ ಹಣೆಯ ಬೊಟ್ಟು ಏನು ಎಂದು ಕೇಳಿದಾಗಲೆಲ್ಲ ನಾನು, "ಯಾರು ಸುಳ್ಳು ಹೇಳ್ತಾರೋ ಇದಕ್ಕೆ ಗೊತ್ತಾಗ್ತದೆ" ಎನ್ನುತ್ತಿದ್ದೆ. ನಾಲ್ಕು ವರ್ಷದ ಮಕ್ಕಳಿಗೆ ಹೇಳಿದ್ದು. ಆ ಮಕ್ಕಳು ಹದಿನಾರು ವರ್ಷದವರಾಗಿ ಆರೋಪಿಗಳ ಕುರ್ಚಿಯಲ್ಲಿ ಬಂದು ಕೂರುತ್ತಾರೆ ಎಂದು ನನಗೇನು ಗೊತ್ತು?

ಒಬ್ಬ ಬಂದ. ಮೊಪೆಡ್ ಕದ್ದ ಕೇಸು. ಹೆಸರು ಕೂಗಿದ ಕೂಡಲೇ ನನಗೆ ಗುರುತು ಹತ್ತಿತು. ಇವನಿಗೆ ಶೂ ಲೇಸು ಕಟ್ಟಲು ಕಲಿಸಿದ್ದೇ ನಾನು. ಕೂಡಲೇ ನ್ಯಾಯಾಧೀಶರಿಗೆ ಹೇಳಿದೆ. ಅವರು ಎರಡೂ ಕಡೆಯವರನ್ನು ಕೇಳಿದರು. ಹುಡುಗನ ವಕೀಲ, "ಹನ್ನೆರಡು ವರ್ಷ ಹಿಂದಿನ ಕಥೆ, ನಮ್ಮ ತಕರಾರಿಲ್ಲ" ಎಂದ. ಹುಡುಗನನ್ನು ಮಾತ್ರ ಅವನು ಕೇಳಲಿಲ್ಲ.

ಹುಡುಗ ಎಲ್ಲವನ್ನೂ ಅಲ್ಲಗಳೆದ. ಆದರೆ ಒಂದು ಸಲವೂ ತಲೆ ಎತ್ತಲಿಲ್ಲ. ಅವತ್ತು ಸೆಕೆ, ನನ್ನ ಬೊಟ್ಟು ಬೆವರಿಗೆ ಜಾರುತ್ತಿತ್ತು. ಬೆರಳಿನಿಂದ ಒತ್ತಿ ಸರಿ ಮಾಡಿಕೊಂಡೆ, ಅಷ್ಟೇ. ಅದೇ ಗಳಿಗೆಯಲ್ಲಿ ಅವನು ತಲೆ ಎತ್ತಿದ್ದ. ಅವನ ಮುಖದ ರಕ್ತ ಇಳಿದುಹೋಯಿತು.

"ಸರಿ, ಸರಿ, ಹೇಳ್ತೇನೆ" ಎಂದ. ಒಂದು ಮೊಪೆಡ್ ಅಲ್ಲ, ಮೂರು ಎಂದ. ಪೊಲೀಸರಿಗೂ ಗೊತ್ತಿಲ್ಲದ ಎರಡನ್ನು ತಾನಾಗಿ ಸೇರಿಸಿದ. ಅವನ ವಕೀಲ ತಲೆಯ ಮೇಲೆ ಕೈ ಇಟ್ಟುಕೊಂಡ.

ಜೈಲಿಗೆ ಕಳಿಸಲಿಲ್ಲ, ವೃದ್ಧಾಶ್ರಮದಲ್ಲಿ ಇಷ್ಟು ಗಂಟೆ ಕೆಲಸ ಎಂದು ತೀರ್ಪಾಯಿತು. ಹೊರಗೆ ಹೋಗುವಾಗ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿದ್ದ ಅವನನ್ನು ಕಂಡು ನನಗೆ ಕರುಳು ಚುರ್ ಎಂದಿತು. ಬೆವರಿದ ಹಣೆ ಒರೆಸಿಕೊಂಡ ಕೈಯಿಂದಲೇ ಭುಜ ತಟ್ಟಿ, "ಇನ್ನಾದರೂ ಸರಿಯಾಗಿರು" ಎಂದೆ.

ಮನೆಗೆ ಬಂದು ಕನ್ನಡಿ ನೋಡಿದರೆ ಹಣೆ ಬೋಳು. ಎಲ್ಲೋ ಬಿದ್ದಿರಬೇಕು ಎಂದು ಮರೆತುಬಿಟ್ಟೆ.

ಮೂರನೆಯ ದಿನ ಕೋರ್ಟಿನಿಂದ ಫೋನು. ಆ ಹುಡುಗ ಒಬ್ಬನೇ ಬಂದು ನ್ಯಾಯಾಧೀಶರ ಕೋಣೆಯ ಹೊರಗೆ ಕೂತಿದ್ದಾನಂತೆ. ಅವನ ಕೈಯಲ್ಲಿ ಒಂದು ಬಿಳಿ ಕಾಗದ, ಕಾಗದದ ನಡುವೆ ನನ್ನ ಬೊಟ್ಟು. ಮನೆಗೆ ಹೋಗಿ ಜಾಕೆಟ್ ಬಿಚ್ಚಿದಾಗ ಭುಜದ ಮೇಲೆ ಅದು ಕೂತಿತ್ತಂತೆ. ಕಿತ್ತು ಕಪಾಟಿನ ಮೇಲೆ ಇಟ್ಟನಂತೆ. ಮಲಗಿದರೆ ಅಲ್ಲಿಂದಲೇ ನೋಡುತ್ತಿತ್ತಂತೆ. ಪುಸ್ತಕದ ಒಳಗೆ ಇಟ್ಟರೆ ಪುಸ್ತಕದ ಒಳಗಿಂದ ನೋಡಿತಂತೆ. "ಅದಕ್ಕೆ ಇನ್ನೂ ಒಂದು ವಿಷಯ ಗೊತ್ತಿದೆ" ಎಂದು ಅವನು ನ್ಯಾಯಾಧೀಶರ ಮುಂದೆ ಅತ್ತುಬಿಟ್ಟ.

ಆ ಒಂದು ವಿಷಯ ಒಂದು ಸೈಕಲ್ಲು. ಕೋರ್ಟಿನ ಹಿತ್ತಲಿನಿಂದ ಕದ್ದದ್ದು, ಹಸಿರು ಬಣ್ಣದ್ದು. ನ್ಯಾಯಾಧೀಶರು ಆರು ತಿಂಗಳಿನಿಂದ ನಡೆದುಕೊಂಡು ಬರುತ್ತಿದ್ದದ್ದು ಆರೋಗ್ಯಕ್ಕಾಗಿ ಎಂದು ನಾವೆಲ್ಲ ತಿಳಿದಿದ್ದೆವು.

ಒಂದು ಹೆಜ್ಜೆ ಮುಂದೆ

ಇಲ್ಲಿಯವರ ತೋಟಗಳಲ್ಲಿ ಕೆಂಪು ಟೊಪ್ಪಿ, ಬಿಳಿ ಗಡ್ಡದ ಕುಳ್ಳ ಬೊಂಬೆಗಳನ್ನು ಇಡುತ್ತಾರೆ. ಒಂದು ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯೊಂದರಿಂದ ಆ ಬೊಂಬೆಗಳು ಒಂದೊಂದಾಗಿ ಕಾಣೆಯಾದವು. ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ, ಮಂಜು ಕವಿದಿತ್ತು, ಆ ಹಳ್ಳಿಯ ನಿವೃತ್ತ ಟೀಚರೊಬ್ಬರು ಕಿಟಕಿಯ ಪರದೆ ಸರಿಸಿದರು. ಒಂಟಿ ಹೆಂಗಸು. ಅವರ ಹುಲ್ಲಿನ ಅಂಗಳದ ಆ ತುದಿಯಲ್ಲಿ ಅಷ್ಟೂ ಬೊಂಬೆಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮುಖವೂ ಅವರ ಕಿಟಕಿಯ ಕಡೆಗೆ. ಟೀಚರು ಪರದೆ ಮುಚ್ಚಿದರು. ಮರುದಿನ ತೆರೆದರೆ ಬೊಂಬೆಗಳು ಒಂದು ಹೆಜ್ಜೆ ಮುಂದೆ ಬಂದಿದ್ದವು. ಮೂರನೆಯ ದಿನ ಇನ್ನೊಂದು ಹೆಜ್ಜೆ. ಆರನೆಯ ದಿನ ಬೆಳಿಗ್ಗೆ ಕಾಫಿಗೆ ನೀರಿಡಲು ಹೋದರೆ ಒಂದು ಗಡ್ಡ ಅಡುಗೆಮನೆಯ ಗಾಜಿಗೆ ತಾಗಿಕೊಂಡಿತ್ತು. ಆವಾಗ ಪೊಲೀಸರಿಗೆ ಫೋನು ಮಾಡಿದರು.

ದಿನಾ ಬೆಳಕು ಹರಿಯುವ ಮುಂಚೆ ಅವನ್ನು ಸರಿಸಿ, ಟೀಚರ ಮುಖ ನೋಡಲು ಬೇಲಿಯಾಚೆ ಅಡಗಿ ನಿಲ್ಲುತ್ತಿದ್ದವರು ಮೂವರು ಹುಡುಗರು, ಹದಿನೈದರ ಪ್ರಾಯದವರು. ಕೇಸು ಸಣ್ಣದು, ಆದರೆ ಒಬ್ಬನ ಮೇಲೆ ಹಳೆಯ ಕೇಸುಗಳೂ ಇದ್ದದ್ದರಿಂದ ನಮ್ಮ ಮುಂದೆ ಬಂತು. ಸಾಕ್ಷ್ಯ ಎಂದು ಬೊಂಬೆಗಳನ್ನೆಲ್ಲ ತಂದು ಉದ್ದ ಮೇಜಿನ ಮೇಲೆ ನಮಗೆ ಮುಖ ಮಾಡಿ ನಿಲ್ಲಿಸಿದ್ದರು. ನಮ್ಮ ಊರಿನಲ್ಲಾದರೆ ಇಷ್ಟು ಭೂತಗಳು ಒಟ್ಟಿಗೆ ಬಂದು ನಿಂತರೆ ಮೊದಲು ಒಂದು ಕೋಳಿ ಹರಕೆ ಹೇಳಿ ಆಮೇಲೆ ಮಾತು. ಇಲ್ಲಿ ನಂಬರ್ ಚೀಟಿ ಅಂಟಿಸಿದ್ದರು.

ಹುಡುಗರು ಮುಸಿಮುಸಿ ನಗುತ್ತಿದ್ದರು. ಟೀಚರು ಸಾಕ್ಷಿ ಹೇಳುವಾಗ ಅವರ ಸ್ವರ ನಡುಗಿತು. "ನಾನು ಆಮೇಲೆ ಒಂದು ವಾರ ಅಕ್ಕನ ಮನೆಗೆ ಹೋಗಿ ಮಲಗುತ್ತಿದ್ದೆ" ಎಂದರು. ಹುಡುಗರು ಆಗಲೂ ನಕ್ಕರು. ನನಗೆ ಸಿಟ್ಟು ಬಂತು.

ನಡುವೆ ಹತ್ತು ನಿಮಿಷ ಬಿಡುವು. ಹುಡುಗರು ವಕೀಲರ ಜೊತೆ ಹೊರಗೆ, ನಾವು ಒಳಗಿನ ಕೋಣೆಗೆ. ವಾಪಸು ಬಂದು ಕೂತೆವು. ಮೊದಲು ಕಂಡದ್ದು ಹುಡುಗರಲ್ಲಿ ದೊಡ್ಡವನಿಗೆ. ಅವನ ನಗು ನಿಂತಿತು. ಮೇಜಿನ ಮೇಲೆ ನಡುವಿನ ಬೊಂಬೆ ಸಾಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿತ್ತು. ಅದರ ಮುಖ ಈಗ ನಮ್ಮ ಕಡೆಗಿರಲಿಲ್ಲ, ಹುಡುಗರ ಕಡೆಗಿತ್ತು.

ಬೇಕರಿಯವರು ಪೂರ್ತಿ ಎಚ್ಚರವಾಗಿದ್ದರು; ಅದು ನಾನು ಕಂಡ ಮೊದಲ ಸಲ. ಕಿರಿಯ ಹುಡುಗ ಅಳಲು ಶುರುಮಾಡಿದ.

"ಯಾರು ಸರಿಸಿದ್ದು?" ಎಂದರು ನ್ಯಾಯಾಧೀಶರು.

ಸಾಕ್ಷಿಗಳ ಬೆಂಚಿನಿಂದ ಟೀಚರು ಶಾಲೆಯ ಮಗುವಿನಂತೆ ಬೆರಳೆತ್ತಿದರು. "ನಾನೇ" ಎಂದರು. "ಹೆದರಿದಾಗ ಮನುಷ್ಯರು ಹೇಗೆ ಕಾಣುತ್ತಾರೆ ಎಂದು ನನಗೂ ಒಮ್ಮೆ ನೋಡಬೇಕಿತ್ತು. ಆರು ದಿನ ಅವರು ಮಾತ್ರ ನೋಡಿದ್ದಾರೆ."

ಕನ್ನಡದ ಅಶರೀರವಾಣಿ

ಗ್ರೀನ್ ಕಾರ್ಡಿನ ಮೇಲೆ ಬಂದು ಎರಡು ತಿಂಗಳಾಗಿದ್ದ ಹುಬ್ಬಳ್ಳಿಯ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬನ ಬೆನ್ನಿನ ಚೀಲವನ್ನು ಇಬ್ಬರು ಹುಡುಗರು ರೈಲು ಪ್ಲಾಟ್‌ಫಾರ್ಮಿನಲ್ಲಿ ಎಳೆದುಕೊಂಡು ಓಡಿದ್ದರು. ಚೀಲದಲ್ಲಿ ಅವನ ಅವ್ವ ಕಟ್ಟಿಕೊಟ್ಟ ರಂಜಕದ ಬಾಟಲಿ ಇತ್ತು, ಕೆಂಪು ಮೆಣಸಿನಕಾಯಿ ಅರೆದದ್ದು. ಹುಡುಗರು ಅದನ್ನು ಜ್ಯಾಮು ಎಂದು ತಿಳಿದು ಬ್ರೆಡ್ಡಿಗೆ ಸವರಿ ತಿಂದರು. ಪೊಲೀಸರಿಗೆ ಹುಡುಕುವ ಕೆಲಸವೇ ಇರಲಿಲ್ಲ. ಸ್ಟೇಷನ್ನಿನ ನಲ್ಲಿಯ ಕೆಳಗೆ ಇಬ್ಬರೂ ಬಾಯಿ ಒಡ್ಡಿಕೊಂಡು ಅಳುತ್ತಿದ್ದರಂತೆ.

ಸಾಕ್ಷಿ ಭಾರತದವನು ಎಂದು ಕೋರ್ಟಿನವರು ಒಬ್ಬ ಹಿಂದಿ ದುಭಾಷಿಯನ್ನು ಕರೆಸಿದ್ದರು. ಸಾಕ್ಷಿಯ ಹಿಂದಿ ದೇವರಿಗೇ ಪ್ರೀತಿ. ದುಭಾಷಿ ಕೇಳಿದ್ದು ಒಂದು, ಇವನು ಹೇಳಿದ್ದು ಒಂದು. ದಪ್ಪ ಕಲ್ಲಿನ ಆ ಕೋಣೆ, ಕಪ್ಪು ನಿಲುವಂಗಿ, ಯಾರೂ ನಗದ ಮುಖಗಳು. ಅವನಿಗೆ ಬೆವರು ಇಳಿಯತೊಡಗಿತು. ನಾನು ಭಾರತದವಳು ಎಂದು ಅವನಿಗೆ ಕಂಡಿರಬೇಕು. ಕನ್ನಡದವಳು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಪರದೇಶದಲ್ಲಿ ನಮ್ಮ ಭಾಷೆಯಲ್ಲಿ ಯಾರನ್ನು ಬೈದರೂ ಭಯವಿಲ್ಲ ಎಂದು ನಾವೆಲ್ಲ ನಂಬಿರುತ್ತೇವೆ.

ನ್ಯಾಯಾಧೀಶರು ಕಾಗದ ಓದುತ್ತಾ ಸುಮ್ಮನಾದಾಗ ಅವನು ನೆಲ ನೋಡುತ್ತಾ ತನ್ನಷ್ಟಕ್ಕೆ ಗೊಣಗಿಕೊಂಡ: "ಏನ್ ನಡದೈತೋ ಯಪ್ಪಾ. ಈ ಮುದುಕ ನುಂಗೂವಂಗ ನೋಡಾಕತ್ತಾನ. ಆ ಬಾಜೂಕಿನ ಅಮ್ಮಂತೂ ಕುಂತಲ್ಲೇ ನಿದ್ದಿ ಹೊಡ್ಯಾಕತ್ತಾಳ."

ನಾನು ಕಣ್ಣು ಮುಚ್ಚಿ ಗಮನಕೊಟ್ಟು ಕೇಳುತ್ತಿದ್ದೆ. ಕೋಪದಲ್ಲಿ ಬಾಯಿ ತಪ್ಪಿತು.

"ನಾನು ನಿದ್ದೆ ಮಾಡ್ತಾ ಇಲ್ಲ!"

ಅವನು ಮೊದಲು ಮೇಲೆ, ಚಾವಣಿಯ ಕಡೆ ನೋಡಿದ. ಆಮೇಲೆ ಹಿಂದೆ ತಿರುಗಿ ನೋಡಿದ. ಯಾರ ತುಟಿಯೂ ಅಲುಗಾಡುತ್ತಿರಲಿಲ್ಲ. ಎರಡು ತಿಂಗಳಿನಿಂದ ಕನ್ನಡ ಕೇಳದ ಕಿವಿ ಅದು. ಎದ್ದು ನಿಂತು ಕೈ ಮುಗಿದು, "ತಪ್ಪಾತ್ರಿ" ಎಂದ, ಯಾರಿಗೆ ಎಂದು ಅವನಿಗೇ ಗೊತ್ತಿರಲಿಲ್ಲ. ದುಭಾಷಿಯೂ ಗಾಬರಿಯಾಗಿ ಎದ್ದು ನಿಂತರು. "ಇದು ನನ್ನ ಭಾಷೆಯಲ್ಲ, ನಾನು ಜವಾಬ್ದಾರನಲ್ಲ" ಎಂದರು.

ನ್ಯಾಯಾಧೀಶರು ನನ್ನ ಕಡೆ ಬಾಗಿ ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಯೋಚಿಸಿ ಕ್ಲಾರ್ಕಿಗೆ ಬರೆಸಿದರು: "ತಾನು ಎಚ್ಚರವಾಗಿದ್ದೇನೆ ಎಂದು ಬಲಗಡೆಯ ಶೊಫಿನ್ ಭಾರತದ ಒಂದು ಭಾಷೆಯಲ್ಲಿ ಸಾಕ್ಷಿಗೆ ತಿಳಿಸಿದರು. ಎಡಗಡೆಯ ಶೊಫೆ ಈ ಬಗ್ಗೆ ಏನೂ ಹೇಳಲಿಲ್ಲ."

ಒಂದು ನಿಮಿಷದ ಮೌನ

ನಾಲ್ಕು ವರ್ಷ ಮುಗಿಯುತ್ತಾ ಬಂತು. ಮತ್ತೆ ಪಟ್ಟಿ, ಮತ್ತೆ ಸಮಿತಿ. ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಮಾತ್ರ ಕುರ್ಚಿ.

ಮೊದಲ ಸಲ ಬೇಡ ಎಂದವಳಿಗೆ ಈ ಸಲ ಬಿಡಲು ಮನಸ್ಸಿರಲಿಲ್ಲ. ಒಮ್ಮೆ ಒಬ್ಬ ಹದಿನೇಳರವನಿಗೆ ಜೈಲು ಎಂದು ತೀರ್ಪು ಓದುವಾಗ, ಅವನ ತಾಯಿ ಕೈಚೀಲದ ಜಿಪ್ಪನ್ನು ಎಳೆಯುವುದು, ಮುಚ್ಚುವುದು, ಎಳೆಯುವುದು, ಮುಚ್ಚುವುದು ಮಾಡುತ್ತಾ ಇದ್ದರು. ಆ ಸದ್ದು ಇವತ್ತಿಗೂ ಕೇಳಿಸುತ್ತದೆ. ಆ ಸದ್ದು ಕೇಳಿಸುವವರು ಒಬ್ಬರಾದರೂ ಆ ಪೀಠದಲ್ಲಿ ಇರಬೇಕು ಎಂದು ನನಗೆ ಅನ್ನಿಸಿತ್ತು. ಆದರೆ ಈ ಸಲ ಯಾರೋ ಹೆಸರು ಹಾಕದೆ ಸಮಿತಿಗೆ ಕಾಗದ ಬರೆದಿದ್ದರು: ಇಲ್ಲಿ ಹುಟ್ಟದವರು ಇಲ್ಲಿಯ ಮಕ್ಕಳನ್ನು ಹೇಗೆ ತೀರ್ಮಾನಿಸುತ್ತಾರೆ ಎಂದು. ಸಮಿತಿಗೆ ನಮ್ಮ ನ್ಯಾಯಾಧೀಶರೇ ಅಧ್ಯಕ್ಷರು. "ಹೆಸರಿಲ್ಲದ ಕಾಗದ ಲೆಕ್ಕಕ್ಕಿಲ್ಲ" ಎಂದಿದ್ದರು. ಆದರೂ ನನಗೆ ಊಟ ಸೇರುತ್ತಿರಲಿಲ್ಲ.

ಸಮಿತಿ ಕೂಡುವ ಹಿಂದಿನ ದಿನ ನನಗೆ ಒಂಬತ್ತು ಗಂಟೆಗೆ ಒಂದು ವಿಚಾರಣೆ ಇತ್ತು. ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟು, ಕಿಂಡರ್‌ಗಾರ್ಟನ್ನಿಗೆ ಬೀಗದ ಕೈ ಕೊಟ್ಟು ರೈಲು ಹತ್ತಿದೆ. ರೈಲು ಎರಡು ಸ್ಟೇಷನ್‌ಗಳ ನಡುವೆ ಮಂಜಿನಲ್ಲಿ ಮುಕ್ಕಾಲು ಗಂಟೆ ನಿಂತುಬಿಟ್ಟಿತು. ಹೊರಗೆ ನೋಡಿದರೆ ಏನೂ ಇಲ್ಲ, ಬರೀ ಬಿಳಿ. ಡಬ್ಬಿಯಲ್ಲಿ ನಾನೊಬ್ಬಳೇ. ಲೋಕ ಮುಗಿದುಹೋಗಿ ನನಗೆ ಹೇಳುವುದನ್ನು ಮರೆತಿದ್ದಾರೋ ಎನ್ನಿಸಿತು.

ಓಡುತ್ತಾ ಕೋರ್ಟು ಸೇರಿದಾಗ ಒಂಬತ್ತೂಕಾಲು. ಕಾರಿಡಾರಿನಲ್ಲಿ ಒಂದು ನರಪಿಳ್ಳೆ ಇಲ್ಲ. ವಿಚಾರಣೆಯ ಕೋಣೆಯ ಬಾಗಿಲನ್ನು ಮೆಲ್ಲಗೆ ತಳ್ಳಿದೆ.

ಒಳಗೆ ಎಲ್ಲರೂ ನಿಂತಿದ್ದರು. ನ್ಯಾಯಾಧೀಶರು, ಬೇಕರಿಯವರು, ಸರಕಾರಿ ವಕೀಲರು, ಕ್ಲಾರ್ಕು, ಆರೋಪಿ ಹುಡುಗ ಕೂಡ. ಎಲ್ಲರ ತಲೆಯೂ ತಗ್ಗಿತ್ತು. ನನ್ನ ಕುರ್ಚಿಯ ಹಿಂದೆ ಬದಲಿ ಶೊಫಿನ್ ಕಣ್ಣು ಮುಚ್ಚಿ ನಿಂತಿದ್ದರು. ಮೇಜಿನ ಮೇಲೆ, ನನ್ನ ಜಾಗದಲ್ಲಿ, ಲೋಟದಲ್ಲಿ ಒಂದು ಬಿಳಿ ಸೇವಂತಿಗೆ.

ಅಯ್ಯೋ, ಯಾರೋ ಹೋಗಿದ್ದಾರೆ ಎಂದುಕೊಂಡೆ. ಸದ್ದಾಗದಂತೆ ಬಾಗಿಲ ಪಕ್ಕ ನಿಂತು ನಾನೂ ತಲೆ ತಗ್ಗಿಸಿದೆ. ಯಾರೇ ಆಗಲಿ, ಅವರ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಮನಸ್ಸಿಟ್ಟು ಬೇಡಿಕೊಂಡೆ.

ನ್ಯಾಯಾಧೀಶರು ಮಾತಾಡತೊಡಗಿದರು. "ಆಕೆ ಹೆಚ್ಚು ಮಾತಿನವರಲ್ಲ" ಎಂದರು. "ಆದರೆ ಈ ಕೋಣೆಗೆ ಬಂದ ಪ್ರತಿಯೊಂದು ಮಗುವಿನ ಹೆಸರನ್ನೂ ಸರಿಯಾಗಿ ಉಚ್ಚರಿಸಲು ಕಲಿತುಕೊಳ್ಳುತ್ತಿದ್ದರು." ಎಂಥ ಒಳ್ಳೆಯ ಹೆಂಗಸು ಎಂದು ನನ್ನ ಕಣ್ಣು ತುಂಬಿತು; ನನಗೆ ಪರಿಚಯವೇ ಆಗಲಿಲ್ಲವಲ್ಲ! "ಅವರ ಹೆಸರನ್ನು ಮಾತ್ರ ನಾವು ನಾಲ್ಕು ವರ್ಷವೂ ತಪ್ಪಾಗಿಯೇ ಹೇಳಿದೆವು" ಎಂದು ಅವರು ಆ ಹೆಸರನ್ನು ಹೇಳಿದರು.

ನನ್ನ ಹೆಸರನ್ನು ಹಾಗೆ ಮುರಿದು ನಾಲ್ಕು ತುಂಡು ಮಾಡಿ ಹೇಳುವವರು ಲೋಕದಲ್ಲಿ ಅವರೊಬ್ಬರೇ.

ಕಾಲಿನಿಂದ ತಲೆಯವರೆಗೆ ತಣ್ಣಗೆ ಏನೋ ಹರಿಯಿತು. ಮಂಜಿನಲ್ಲಿ ನಿಂತ ರೈಲು ನೆನಪಾಯಿತು. ನಿಜವಾಗಿಯೂ ಏನಾದರೂ ಆಗಿ, ನನಗೆ ಗೊತ್ತಾಗದೆ ನಾನೇ ಇಲ್ಲಿಗೆ ಬಂದು ನಿಂತಿದ್ದೇನಾ? ಗೋಡೆ ಮುಟ್ಟಿ ನೋಡಿದೆ. ಕೈ ತೂರಿ ಹೋಗಲಿಲ್ಲ.

ಮೊದಲು ನನ್ನನ್ನು ಕಂಡದ್ದು ಆರೋಪಿ ಹುಡುಗ. ಬೆರಳು ತೋರಿಸಿದ, ಬಾಯಿಂದ ಸ್ವರ ಬರಲಿಲ್ಲ. ಬದಲಿ ಶೊಫಿನ್ ಕಿಟಾರನೆ ಕಿರುಚಿ ನನ್ನ ಕುರ್ಚಿಯ ಮೇಲೆಯೇ ಕುಸಿದರು. ಬೇಕರಿಯವರು ಶಿಲುಬೆಯ ಗುರುತು ಹಾಕಿಕೊಂಡರು. ನ್ಯಾಯಾಧೀಶರು ಕನ್ನಡಕ ತೆಗೆದು, ನಿಲುವಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಹದಿನೇಳು ನಿಮಿಷ ತಡ" ಎಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಹುಟ್ಟುವ ಜಾಗ ಎಲ್ಲಿದೆ ಎಂದು ನನಗೆ ಕಂಡಿತು.

ಮರುದಿನದ ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ. ಸಮಿತಿಯ ಪಟ್ಟಿಯಲ್ಲಿ ಕ್ಲಾರ್ಕು ಆಗಲೇ ನನ್ನ ಹೆಸರಿನ ಮೇಲೆ ಗೆರೆ ಎಳೆದಾಗಿತ್ತು. ನ್ಯಾಯಾಧೀಶರು ಅದರ ಪಕ್ಕ "ಜೀವಂತ ಇದ್ದಾರೆ, ಖುದ್ದು ನೋಡಿದ್ದೇನೆ" ಎಂದು ಬರೆದು ಸಹಿ ಹಾಕಿ ಮುದ್ರೆ ಒತ್ತಿದರು. ಒಂದು ಮತವೂ ವಿರುದ್ಧ ಬೀಳಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂಬ ಪದ್ಧತಿ ಇಲ್ಲಿಯೂ ಉಂಟಲ್ಲ, ಅದರ ಬಿಸಿ ಒಂದು ದಿನಕ್ಕೆಲ್ಲ ಆರುವುದಿಲ್ಲ.

ಆದರೆ ನಾನು ಸತ್ತೆ ಎಂದು ಹೇಳಿದವರು ಯಾರು? ಕ್ಲಾರ್ಕು ಆಣೆ ಹಾಕಿದಳು: "ಮಂಜು ನೋಡಿ, ನೀವು ಹೊರಟಿರಾ ಎಂದು ಕೇಳಲು ಎಂಟು ಗಂಟೆಗೆ ನಿಮ್ಮ ಮನೆಗೆ ಫೋನು ಮಾಡಿದ್ದೆ. ನಿಮ್ಮ ಮನೆಯವರೇ ಹೇಳಿದರು."

ಆಗ ನಮ್ಮ ಮನೆಯಲ್ಲಿ ನನ್ನ ಗಂಡನ ಅಕ್ಕನ ಮಗಳು ಇದ್ದಳು. ಗ್ರೀನ್ ಕಾರ್ಡಿನ ಮೇಲೆ ಬಂದ ಸಾಫ್ಟ್‌ವೇರ್ ಇಂಜಿನಿಯರ್. ಬೇರೆ ಮನೆ ಸಿಗುವ ತನಕ ನಮ್ಮಲ್ಲೇ. ಮೂರು ತಿಂಗಳಿನಿಂದ ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದಳು, ಸಿಕ್ಕಿದ ಕಡೆಯೆಲ್ಲ ಅದನ್ನು ಪ್ರಯೋಗ ಮಾಡುತ್ತಿದ್ದಳು. ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡೆ.

"ಬೆಳಿಗ್ಗೆ ಕೋರ್ಟಿನಿಂದ ಫೋನು ಬಂದಿತ್ತಾ?"

"ಹೌದು ಅತ್ತೆ! ಪೂರಾ ಜರ್ಮನ್‌ನಲ್ಲೇ ಮಾತಾಡಿದೆ. ಒಂದು ಇಂಗ್ಲಿಷ್ ಶಬ್ದ ಹಾಕಿಲ್ಲ."

"ಎಂತ ಹೇಳಿದೆ?"

"ನೀವು ಇದ್ದೀರಾ ಅಂತ ಕೇಳಿದ್ರು. ಇಲ್ಲ, ನಮ್ಮನ್ನು ಬಿಟ್ಟು ಹೋದರು ಅಂದೆ. ಜೀ ಇಸ್ಟ್ ಫೊನ್ ಉನ್ಸ್ ಗೆಗಾಂಗೆನ್. ಗ್ರಾಮರ್ ಸರಿ ಇದೆ ಅಲ್ವಾ ಅತ್ತೆ?"

ಗ್ರಾಮರ್ ಸರಿಯೇ ಇತ್ತು. ಆದರೆ ಆ ವಾಕ್ಯವನ್ನು ಜರ್ಮನರು ಪೇಪರಿನ ಕಪ್ಪು ಚೌಕಟ್ಟಿನ ಒಳಗೆ ಮಾತ್ರ ಬರೆಯುತ್ತಾರೆ.

"ಆಮೇಲೆ?"

"ಯಾವಾಗ ಅಂದ್ರು. ಇವತ್ತು ಬೆಳಿಗ್ಗೆ, ಏಳು ಗಂಟೆಗೆ ಅಂದೆ. ಇಷ್ಟು ಫಕ್ಕನೆಯಾ ಅಂದ್ರು. ಹೌದು, ಚಾ ಕೂಡ ಪೂರ್ತಿ ಕುಡೀಲಿಲ್ಲ ಅಂದೆ. ಅವರಿಗೆ ಭಯಂಕರ ಶೀತ ಅತ್ತೆ, ಮೂಗು ಸೊರಸೊರ ಅಂತಿತ್ತು. ಕೊನೆಗೆ ಮೈನ್ ಬೈಲೈಡ್ ಅಂದ್ರು."

ಮೈನ್ ಬೈಲೈಡ್ ಎಂದರೆ "ನನ್ನ ಸಂತಾಪಗಳು". ಅದು ಅವಳ ಪಾಠದಲ್ಲಿ ಇನ್ನೂ ಬಂದಿರಲಿಲ್ಲ.

"ಅದಕ್ಕೆ ನೀನು ಎಂತ ಹೇಳಿದೆ?" ಎಂದೆ.

"ನಮ್ಮ ಟೀಚರ್ ಕಲಿಸಿದ್ದಾರಲ್ಲ ಅತ್ತೆ, ಯಾರಾದ್ರೂ ಒಳ್ಳೇದು ಹೇಳಿದ್ರೆ ಸುಮ್ಮನೆ ಇರಬಾರದು ಅಂತ" ಎಂದಳು ಅವಳು ಹೆಮ್ಮೆಯಿಂದ. "ಥ್ಯಾಂಕ್ಸ್, ನಿಮ್ಮ ಮನೇಲೂ ಹಾಗೇ ಆಗಲಿ ಅಂದೆ."